ಅಡುಗೆಮನೆ ಕಪಾಟಿಗೆ ಬಣ್ಣ ಬಳಿದೆವು

ಹೋದ ವರ್ಷ ದೀಪಾವಳಿ ಕಳೆದು ಎರಡು ವಾರವಾಗಿತ್ತು. ಸಂಜೆ ಆರೂವರೆ ಇರಬೇಕು. ಕಾಫಿಪುಡಿ ಡಬ್ಬ ತೆಗೆದುಕೊಳ್ಳಲು ಅಡುಗೆಮನೆಯ ಮೇಲಿನ ಕಪಾಟು ತೆರೆದೆ. ಅಷ್ಟರಲ್ಲಿ ಹಾಲ್‌ನಲ್ಲಿ ಫೋನ್ ಬಡಿದುಕೊಂಡಿತು. ಡಬ್ಬ ಕೈಯಲ್ಲಿ ಹಿಡಿದೇ ಓಡಿದೆ. ಬಾಗಿಲು ಮುಚ್ಚಲಿಲ್ಲ. ಐದು ನಿಮಿಷವೂ ಆಗಿರಲಿಲ್ಲ, ಒಳಗಿನಿಂದ ‘ಅಯ್ಯೋ ಅಪ್ಪಯ್ಯಾ’ ಎಂಬ ಕೂಗು ಕೇಳಿತು. ಹೋಗಿ ನೋಡಿದರೆ ನಮ್ಮಾಕೆ ಹಣೆ ಹಿಡಿದುಕೊಂಡು ನೆಲದ ಮೇಲೆ ಕುಳಿತಿದ್ದಳು. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಬಾಗಿಲಿನ ಮೂಲೆ ಹೊಡೆದಿತ್ತು. ಎರಡು ಹೊಲಿಗೆ ಬಿತ್ತು.

ಅವಳಿಗೆ ಆರು ವರ್ಷದಿಂದ ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ, ಕಣ್ಣಿನಿಂದ ಮಿದುಳಿಗೆ ಹೋಗುವ ನರ ಸ್ವಲ್ಪ ಸ್ವಲ್ಪವಾಗಿ ಸವೆಯುವ ಕಾಯಿಲೆ ಅದು. ಸಾಮಾನ್ಯವಾಗಿ ಮೊದಲು ಹೋಗುವುದು ಪಕ್ಕದ ನೋಟ. ನೋವಿಲ್ಲ, ಕೆಂಪಾಗುವುದಿಲ್ಲ, ಹಾಗಾಗಿ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಹೋದ ದೃಷ್ಟಿ ತಿರುಗಿ ಬರುವುದಿಲ್ಲ. ದಿನಾ ತಪ್ಪದೆ ಹನಿ ಹಾಕಿದರೆ ಇರುವುದು ಉಳಿಯುತ್ತದೆ. ಹೊಲಿಗೆ ಬಿಚ್ಚಿಸಿದ ಮೇಲೆ ಕಣ್ಣಿನ ಡಾಕ್ಟರ ಹತ್ತಿರವೂ ಹೋದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ: “ಕಪಾಟಿನ ಬಣ್ಣ ಯಾವುದು?”

“ಕಂದು. ಮರಕ್ಕೆ ವಾರ್ನಿಷ್” ಎಂದೆ.

“ಸಂಜೆ ಹೊತ್ತು, ಕಂದು ಬಾಗಿಲು, ಅದರ ಹಿಂದೆ ಕಂದು ಕಪಾಟು. ತೆರೆದ ಬಾಗಿಲು ನಿಮ್ಮ ಕಡೆ ತೋರಿಸುವುದು ಮುಕ್ಕಾಲು ಅಂಗುಲದ ಅಂಚು ಮಾತ್ರ. ಇವರಿಗೆ ಅದು ಕಾಣುವುದು ಹೇಗೆ?” ಎಂದರು. ಈ ಕಾಯಿಲೆಯಲ್ಲಿ ಪಕ್ಕದ ನೋಟದ ಜೊತೆಗೆ ಒಂದು ಬಣ್ಣದಿಂದ ಇನ್ನೊಂದನ್ನು ಬೇರ್ಪಡಿಸಿ ನೋಡುವ ಶಕ್ತಿಯೂ ಕುಗ್ಗುತ್ತದಂತೆ. ಅದು ನನಗೆ ತಿಳಿದಿರಲಿಲ್ಲ. ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ಒಂದೊಂದು ಪೈಸೆ ಹುಡುಕಿದವನಿಗೆ ಮನೆಯ ಅಡುಗೆಮನೆ ಕತ್ತಲಾಗಿದೆ ಎಂಬುದು ಕಾಣದೆ ಹೋಯಿತು.

ಆ ಕಪಾಟಿನ ವಿಷಯ ಸ್ವಲ್ಪ ಹೇಳಬೇಕು. ಮೈಸೂರಿನ ಕುವೆಂಪುನಗರದಲ್ಲಿ ಮನೆ ಕಟ್ಟಿದ್ದು 1988ರಲ್ಲಿ, ಬ್ಯಾಂಕ್ ಸಾಲ ತೆಗೆದುಕೊಂಡು. ಮರಕ್ಕೆ ದುಡ್ಡು ಸಾಲದೆ ಬಂದಾಗ ತೀರ್ಥಹಳ್ಳಿ ಕಡೆಯಿಂದ ನಮ್ಮ ಮಾವ ಹಿತ್ತಲಿನ ಹಲಸಿನ ಮರ ಕುಯ್ಯಿಸಿ ಹಲಗೆ ಕಳಿಸಿದರು. ಹಲಸು ಅಂದರೆ ಹಣ್ಣು ಮಾತ್ರ ಎಂದುಕೊಳ್ಳಬೇಡಿ ಮಕ್ಕಳೇ. ವೀಣೆ, ಮೃದಂಗಕ್ಕೆ ಬಳಸುವ ಮರ ಅದು. ಹೊಸದಾಗಿ ಕೊಯ್ದಾಗ ಅರಿಸಿನದಂಥ ಹಳದಿ, ವರ್ಷ ಕಳೆದಂತೆ ಕಂದು. ಆಚಾರ್ರು ನಾಲ್ಕು ತಿಂಗಳು ನಮ್ಮ ಹಿತ್ತಲಲ್ಲೇ ಕುಳಿತು 11 ಬಾಗಿಲು, 3 ಡ್ರಾಯರ್ ಮಾಡಿದರು. ಅಂದಿನಿಂದ ಅದು ನಮ್ಮ ಮನೆಯಲ್ಲಿ ‘ಅಪ್ಪಯ್ಯನ ಮರ’.

ಬಣ್ಣ ಬಳಿಯುತ್ತೇನೆ ಅಂದದ್ದೇ ತಡ, ಊರಿಂದ ಭಾವಮೈದುನನ ಫೋನು. “ಭಾವ, ಹಲಸಿನ ಮರಕ್ಕೆ ಯಾರಾದ್ರೂ ಪೇಂಟ್ ಹೊಡೀತಾರಾ? ಅದರ ನೀರು ನೋಡಿದೀರಾ?” ಮರದ ಗೆರೆಗೆ ಅವರ ಕಡೆ ನೀರು ಎನ್ನುತ್ತಾರೆ. ಎದುರು ಮನೆಯವರು, ವಾಕಿಂಗ್ ಗೆಳೆಯರು ಎಲ್ಲರದೂ ಅದೇ ಮಾತು. ಕೊನೆಗೆ ನಮ್ಮಾಕೆಯನ್ನೇ ಕೇಳಿದೆ. ಅವಳು ಸಾರಿಗೆ ಬೇಳೆ ಆರಿಸುತ್ತಿದ್ದಳು, ಬೆರಳಿನಲ್ಲೇ. “ನೀರು ನನಗೆ ಕಾಣ್ಸೋದಿಲ್ಲ. ಬಾಗಿಲು ಕಂಡ್ರೆ ಸಾಕು” ಎಂದಳು.

ಇನ್ನು ತಡ ಮಾಡುವುದೇಕೆ ಎಂದು ಅಂದೇ ಒಂದು ಲೀಟರ್ ದಂತದ ಬಣ್ಣದ ಎನಾಮಲ್ ತಂದು, ಒಂದು ಬಾಗಿಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ವಾರ್ನಿಷ್ ಮೇಲೇ ಬಳಿದುಬಿಟ್ಟೆ. ಮಾರನೆಯ ದಿನ ಕನ್ನಡಿಯ ಹಾಗಿತ್ತು. ಒಂದು ವಾರದ ಮೇಲೆ ಮೊಮ್ಮಗಳು ಪುಟ್ಟಿ ಬಂದಳು, ಆರನೇ ಕ್ಲಾಸು. ಉಗುರು ತಾಗಿಸಿ ಎಳೆದಳು. ಬೆಂದ ಆಲೂಗಡ್ಡೆ ಸಿಪ್ಪೆಯಂತೆ ಅಂಗೈಯಗಲ ಬಣ್ಣ ಕಿತ್ತು ಬಂತು. “ತಾತ, ಇದು ಸ್ಟಿಕ್ಕರ್ರಾ?” ಎಂದಳು.

ನಾನು ಕೆಲಸ ಮಾಡುತ್ತಿದ್ದ ಶಾಖೆಗೆ ವರ್ಷ ವರ್ಷ ಬಣ್ಣ ಹೊಡೆಯುತ್ತಿದ್ದ ಪೇಂಟರ್ ಒಬ್ಬರಿದ್ದರು. ಈಗ ಅವರಿಗೂ ಎಪ್ಪತ್ತು ದಾಟಿದೆ, ಕೈ ನಡುಗುತ್ತದೆ, ಬ್ರಷ್ ಹಿಡಿಯುವುದಿಲ್ಲ. ಹುಡುಕಿಕೊಂಡು ಹೋದೆ. “ಕೆಲಸ ನೀವು ಮಾಡಿ ಸ್ವಾಮಿ, ನಾನು ಕುರ್ಚಿ ಮೇಲೆ ಕೂತು ಬೈತೀನಿ” ಎಂದರು. ಹಾಗೇ ಆಯಿತು. ಸಂಕ್ರಾಂತಿ ಆದ ಮೇಲೆ ಶುರು ಮಾಡಿ ಎಂದವರೂ ಅವರೇ. ಮಳೆಗಾಲದಲ್ಲಿ ಗಾಳಿ ತೇವವಾಗಿದ್ದರೆ ಬಣ್ಣ ಒಣಗುವುದೇ ಇಲ್ಲ.

ಕಿತ್ತ ಬಣ್ಣದ ಬಾಗಿಲು ನೋಡಿ ಅವರು ಕೇಳಿದ್ದು, “ಮೂವತ್ತೈದು ವರ್ಷದ ಒಗ್ಗರಣೆ ಎಲ್ಲಿ ಹೋಯಿತು ಅಂದ್ಕೊಂಡ್ರಿ?” ನಿಜ. ಸಾಸಿವೆ ಸಿಡಿದಾಗಲೆಲ್ಲ ಎಣ್ಣೆ ಆವಿಯಾಗಿ ಮೇಲೆದ್ದು ಕಪಾಟಿನ ಮೇಲೆ ಕೂತಿರುತ್ತದೆ. ಕಣ್ಣಿಗೆ ಕಾಣದ ಜಿಡ್ಡು. ಅದರ ಕೆಳಗಿನ ವಾರ್ನಿಷ್ ಗಾಜಿನಷ್ಟು ನುಣುಪು. ಬಣ್ಣ ಹಿಡಿದುಕೊಳ್ಳುವುದಕ್ಕೆ ಅಲ್ಲಿ ಏನೂ ಇಲ್ಲ.

ಮೊದಲು ಬಾಗಿಲುಗಳನ್ನೆಲ್ಲ ಬಿಚ್ಚಬೇಕು. ಬಿಚ್ಚಿದ ಬಾಗಿಲು ನೋಡಲು ಎಲ್ಲ ಒಂದೇ ಥರ, ಆದರೆ ಕೈಯಲ್ಲಿ ಮಾಡಿದ ಕೆಲಸದಲ್ಲಿ ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ನನ್ನ ಕಸುಬು ಇಲ್ಲಿ ಉಪಯೋಗಕ್ಕೆ ಬಂತು. ಹಿಂದೆ ಬ್ಯಾಂಕಿನಲ್ಲಿ ಚೆಕ್ ಕೊಟ್ಟರೆ ಒಂದು ಹಿತ್ತಾಳೆ ಟೋಕನ್ ಕೊಡುತ್ತಿದ್ದೆವು, ನಂಬರ್ ಕೂಗಿದಾಗ ಟೋಕನ್ ಕೊಟ್ಟು ಹಣ ಪಡೆಯಬೇಕು. ಈ ಪತ್ರಿಕೆ ಓದುವ ಅಜ್ಜಂದಿರಿಗೆ ನೆನಪಿರುತ್ತದೆ. ಹಾಗೆ ಪುಟ್ಟಿ ರಟ್ಟಿನಲ್ಲಿ 1ರಿಂದ 14ರವರೆಗೆ ಟೋಕನ್ ಕತ್ತರಿಸಿದಳು. ಒಂದೊಂದು ಬಾಗಿಲಿನ ಕೀಲು, ಸ್ಕ್ರೂ, ಹಿಡಿ ಒಂದೊಂದು ಬೆಂಕಿಪೊಟ್ಟಣದಲ್ಲಿ, ಅದರ ಮೇಲೆ ಅದೇ ನಂಬರು. ಅಡುಗೆ ಐದು ವಾರ ವರಾಂಡದಲ್ಲಿ.

ಜಿಡ್ಡು ತೆಗೆಯಲು ಬಿಸಿನೀರಿಗೆ ವಾಷಿಂಗ್ ಸೋಡಾ. ಒಂದು ಲೀಟರಿಗೆ ಎರಡು ಚಮಚ ಹಾಕಿದೆ. ಸೋಡಾ ಜಿಡ್ಡಿನ ಜೊತೆ ಸೇರಿ ಅದನ್ನೇ ಸಾಬೂನು ಮಾಡಿ ಬಿಡಿಸುತ್ತದೆ. ಮನೆಯಲ್ಲಿ ಸಾಬೂನು ಮಾಡುವುದೂ ಎಣ್ಣೆಗೆ ಕ್ಷಾರ ಸೇರಿಸಿಯೇ ಅಲ್ಲವೇ. ನೀರು ಕಾಫಿ ಬಣ್ಣಕ್ಕೆ ತಿರುಗಿತು. ಕೈಗೆ ಗ್ಲೌಸ್ ಇರಲೇಬೇಕು, ಇಲ್ಲದಿದ್ದರೆ ಚರ್ಮ ಸುಲಿಯುತ್ತದೆ. ಆಮೇಲೆ ಬರೀ ನೀರಿನಲ್ಲಿ ಎರಡು ಸಲ ಒರೆಸಿ ಎರಡು ದಿನ ನೆರಳಲ್ಲಿ ಒಣಗಿಸಿದೆವು. ಸೋಡಾ ಉಳಿದರೆ ಬಣ್ಣ ನಿಲ್ಲುವುದಿಲ್ಲ.

ಒಂದು ಎಡವಟ್ಟಾಯಿತು. ಬಾಗಿಲುಗಳ ಹೊರಮೈ ಚೆನ್ನಾಗಿ ತೊಳೆದುಕೊಂಡಿತು, ಒಳಮೈ ಮಾತ್ರ ಅಲ್ಲಲ್ಲಿ ಬೆಳ್ಳಗಾಗಿ ಅಂಟಂಟಾಯಿತು. ಪೇಂಟರು ಒಂದು ತುಂಡು ಹತ್ತಿಗೆ ಸ್ಪಿರಿಟ್ ಅದ್ದಿ ಒಳಮೂಲೆಯಲ್ಲಿ ಉಜ್ಜಲು ಹೇಳಿದರು. ಹತ್ತಿ ಅಂಟಿಕೊಂಡಿತು. ಹೊರಗೆ ಉಜ್ಜಿದರೆ ಏನೂ ಆಗಲಿಲ್ಲ. “ಹೊರಗೆ ವಾರ್ನಿಷ್, ಒಳಗೆ ಆಚಾರ್ರು ಅರಗಿನ ಪಾಲಿಶ್ ಮಾಡಿ ಬಿಟ್ಟಿದ್ದಾರೆ” ಎಂದರು. ಅರಗು ನೀರಿಗೆ ಕರಗುವುದಿಲ್ಲ, ಸ್ಪಿರಿಟ್‌ಗೆ ಕರಗುತ್ತದೆ, ಸೋಡಾದಂಥ ಕ್ಷಾರಕ್ಕೂ ಸೋಲುತ್ತದೆ. ಬಿಸಿ ಕಾಫಿ ಲೋಟ ಇಟ್ಟರೆ ಪಾಲಿಶ್ ಮೇಜಿನ ಮೇಲೆ ಬಿಳಿ ಉಂಗುರ ಬೀಳುತ್ತದಲ್ಲ, ಅದೂ ಅರಗಿನ ಗುಣವೇ. ವಾರ್ನಿಷ್ ಬೇರೆ ಜಾತಿ. ಅಗಸೆ ಎಣ್ಣೆಯಂಥ ಎಣ್ಣೆಗೆ ರಾಳ ಸೇರಿಸಿ ಕಾಯಿಸಿದ್ದು. ಅದು ನೀರಿನ ಹಾಗೆ ಆರಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಒಮ್ಮೆ ಗಟ್ಟಿಯಾದರೆ ಸ್ಪಿರಿಟ್‌ಗೆ ಜಗ್ಗುವುದಿಲ್ಲ.

ಅರಗು ಎಂದಾಗ ಪುಟ್ಟಿ ಕಿವಿ ನಿಮಿರಿತು. “ಪಾಂಡವರನ್ನು ಸುಡೋಕೆ ಕಟ್ಟಿದ ಅರಗಿನ ಮನೆಯ ಅರಗಾ?” ಅದೇ ಅರಗು. ಮುತ್ತುಗ, ಬೋರೆ, ಜಾಲಾರಿ ಮರಗಳ ಎಳೆಕೊಂಬೆಗಳ ಮೇಲೆ ಸಾಸಿವೆಕಾಳಿಗಿಂತ ಚಿಕ್ಕ ಹುಳುಗಳು ಸಾಲಾಗಿ ಕೂತು, ರಸ ಹೀರಿ, ತಮ್ಮ ಸುತ್ತ ಕಟ್ಟಿಕೊಳ್ಳುವ ಗೂಡೇ ಅರಗು. ಕೊಂಬೆಯಿಂದ ಕೆರೆದು, ತೊಳೆದು, ಕರಗಿಸಿ, ತೆಳ್ಳಗೆ ಎಳೆದು ಪುಡಿ ಮಾಡಿದರೆ ಹೊಂಬಣ್ಣದ ಚಕ್ಕೆ ಸಿಗುತ್ತದೆ. ಪಾಲಿಶ್ ಮಾಡುವವರು ಅದಕ್ಕೆ ಚಪಡಾ ಎನ್ನುತ್ತಾರೆ. ಚನ್ನಪಟ್ಟಣದ ಬೊಂಬೆಗಳ ಬಣ್ಣ ಹೊಳೆಯುವುದು ಇದರಿಂದಲೇ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೆ ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ನಾವು ಚಿಕ್ಕವರಿದ್ದಾಗಿನ ಗ್ರಾಮಫೋನ್ ತಟ್ಟೆಗಳಲ್ಲೂ, ಆ 78ರ ವೇಗದ ದಪ್ಪ ತಟ್ಟೆಗಳಲ್ಲಿ, ಅರಗೇ ಇರುತ್ತಿತ್ತು. ಅದಕ್ಕೇ ಬಿದ್ದರೆ ಚೂರು.

ನನಗಂತೂ ಅರಗಿನ ವಾಸನೆ ಎಂದರೆ ಬ್ಯಾಂಕು. ಹಣದ ಚೀಲಕ್ಕೆ ದಾರ ಬಿಗಿದು, ಮೇಣದಬತ್ತಿಯಲ್ಲಿ ಅರಗಿನ ಕಡ್ಡಿ ಕಾಯಿಸಿ ತೊಟ್ಟಿಕ್ಕಿಸಿ, ಅದರ ಮೇಲೆ ಹಿತ್ತಾಳೆ ಮುದ್ರೆ ಒತ್ತುವುದು. ಎಡಗೈ ಹೆಬ್ಬೆರಳಲ್ಲಿ ಆ ಸುಟ್ಟ ಕಲೆ ಇನ್ನೂ ಇದೆ. ಆ ಕಡ್ಡಿಯ ಕಥೆ ನಮ್ಮೂರಿನದೇ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಶುರುವಾಯಿತು. ಈಗ ಅದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ನೀವು ವೋಟು ಹಾಕಿದಾಗ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ 1962ರ ಮಹಾಚುನಾವಣೆಯಿಂದ ಬರುತ್ತಿರುವುದು ಅಲ್ಲಿಂದಲೇ. “ಆ ಶಾಯಿಯಲ್ಲೇ ಬಾಗಿಲಿಗೆ ಬಳಿದಿದ್ದರೆ ಪುಟ್ಟಿ ಉಗುರಿಗೆ ಕಿತ್ತು ಬರ್ತಿರಲಿಲ್ಲ” ಎಂದಳು ನಮ್ಮಾಕೆ.

ಒಳಮೈಯನ್ನು ಸ್ಪಿರಿಟ್‌ನಲ್ಲಿ ಒರೆಸಿ ತೆಗೆದೆವು, ಹಿತ್ತಲಲ್ಲಿ, ಒಲೆಯಿಂದ ದೂರ. ಪುಟ್ಟಿಯನ್ನು ಆ ದಿನ ಹತ್ತಿರ ಸೇರಿಸಲಿಲ್ಲ. ಹೊರಮೈಯ ವಾರ್ನಿಷ್ ಪೂರ್ತಿ ಕೆರೆಯಬೇಕಿಲ್ಲ. ಹೊಳಪು ಹೋಗಿ ಮಂಕಾದರೆ ಸಾಕು, ಆ ತರಚಿದ ಗೆರೆಗಳಲ್ಲಿ ಪ್ರೈಮರ್ ಕಾಲೂರುತ್ತದೆ. ಅದಕ್ಕೆ ಉಪ್ಪುಕಾಗದ, ಈಗಿನ ಮಾತಿನಲ್ಲಿ ಸ್ಯಾಂಡ್ ಪೇಪರ್. ಅದರ ನಂಬರಿನ ಲೆಕ್ಕ ಪುಟ್ಟಿಗೆ ವಿಚಿತ್ರ ಎನಿಸಿತು: ನಂಬರ್ ದೊಡ್ಡದಾದಷ್ಟೂ ಕಾಗದ ನುಣುಪು. ಕಾಳು ಸೋಸುವ ಜರಡಿಯಲ್ಲಿ ಒಂದು ಅಂಗುಲಕ್ಕೆ ಎಷ್ಟು ಕಣ್ಣು ಎಂಬುದರ ಮೇಲೆ ಬಂದ ನಂಬರು ಅದು. ಕಣ್ಣು ಹೆಚ್ಚಾದರೆ ಕಾಳು ಸಣ್ಣದು. ಮೊದಲು 120, ಆಮೇಲೆ 220. ಮರದ ಗೆರೆ ಹೋದ ಕಡೆಗೇ ಕೈ ಹೋಗಬೇಕು, ಅಡ್ಡ ಉಜ್ಜಿದರೆ ಗೀರು ಬಣ್ಣದ ಕೆಳಗೂ ಕಾಣುತ್ತದೆ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ನಮ್ಮದು ಬರೀ ವಾರ್ನಿಷ್, ಹಾಗಾಗಿ ಉಜ್ಜಿದೆವು. ನಿಮ್ಮ ಮನೆಯ ಕಿಟಕಿಗೋ ಕಪಾಟಿಗೋ ಹಳೆಯ ಕಾಲದ ಬಣ್ಣವಿದ್ದರೆ ಒಣದಾಗಿ ಉಜ್ಜಬೇಡಿ. ಹಿಂದಿನ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ. ಆ ದೂಳು ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ. ಅಂಥ ಕೆಲಸವನ್ನು ತಿಳಿದವರಿಗೆ ಬಿಡಿ. ಏನೇ ಆದರೂ ನೀರು ಹಚ್ಚಿಯೇ ಉಜ್ಜಬೇಕು, ಮಕ್ಕಳು, ಬಸುರಿಯರು ಆ ಕಡೆ ಸುಳಿಯಬಾರದು. ಯಾವ ದೂಳಾದರೂ ಮೂಗಿಗೆ ಮಾಸ್ಕ್ ಬೇಕೇ ಬೇಕು.

ಉಜ್ಜುವ ಕೆಲಸ ನನ್ನದು, ಕಣ್ಣಾಡಿಸಿ ನೋಡಿ “ಆಯ್ತು” ಎಂದು ಬದಿಗಿಡುತ್ತಿದ್ದೆ. ಎರಡನೇ ದಿನ ನಮ್ಮಾಕೆ ಬಂದು ಪಕ್ಕದಲ್ಲಿ ಕುಳಿತು, ನಾನು ಮುಗಿಸಿಟ್ಟ ಬಾಗಿಲಿನ ಮೇಲೆ ಅಂಗೈ ಆಡಿಸಿದಳು. “ಇಲ್ಲಿ ಬಿಟ್ಟಿದೀರಿ. ಇಲ್ಲೂ ಬಿಟ್ಟಿದೀರಿ.” ಬೆಳಕಿಗೆ ಓರೆ ಹಿಡಿದು ನೋಡಿದರೆ ಅವಳು ಹೇಳಿದಲ್ಲೆಲ್ಲ ವಾರ್ನಿಷ್ ಹೊಳೆಯುತ್ತಿತ್ತು. ಕುರ್ಚಿ ಮೇಲಿದ್ದ ಪೇಂಟರು ಎದ್ದು ನಿಂತರು. “ನಾನು ಕೆಲಸ ಕಲೀಬೇಕಾದ್ರೆ ನಮ್ಮ ಉಸ್ತಾದ್ ಕಣ್ಣು ಮುಚ್ಚಿಸಿ ಕೈಯಾಡಿಸೋಕೆ ಹೇಳ್ತಿದ್ರು. ಅಮ್ಮಾವ್ರಿಗೆ ಅದು ಆಗಲೇ ಬಂದಿದೆ” ಎಂದರು. ಅಲ್ಲಿಂದ ಮುಂದೆ ನಾನು 120, ಅವಳು 220. ಹಣೆಗೆ ಏಟು ಬಿದ್ದ ಮೇಲೆ ಅಡುಗೆಮನೆಗೆ ಹೋಗಲು ಹೆದರಿ ಗೋಡೆ ಹಿಡಿದು ನಡೆಯುತ್ತಿದ್ದವಳು ಬೆಳಿಗ್ಗೆ ಒಂಬತ್ತಕ್ಕೇ ಹಿತ್ತಲಲ್ಲಿ ಮಣೆ ಹಾಕಿಕೊಂಡು “ಎಲ್ಲಿ ಐದನೇ ಟೋಕನ್?” ಎಂದು ಕೇಳತೊಡಗಿದಳು.

ನಾಲ್ಕನೇ ಟೋಕನ್ ಬಾಗಿಲಿನಲ್ಲಿ ನಾನು ನಿಂತುಬಿಟ್ಟೆ. ಗ್ಯಾಸಿನ ಮೇಲಿನ ಕಪಾಟಿನದು ಅದು. ಸ್ಪಿರಿಟ್ ಹಾಕುವ ಮೊದಲೇ ಬದಿಗಿಟ್ಟಿದ್ದೆ. ಒಳಮೈ ತುಂಬ ಪೆನ್ಸಿಲ್ ಬರಹ. ಮನೆಗೆ ಬಂದ ವರ್ಷದಿಂದ ಅವಳು ಬರೆದಿಟ್ಟ ಲೆಕ್ಕ. ಸಿಲಿಂಡರ್ ಹಾಕಿದ ದಿನ, ಮುಗಿದ ದಿನ, ಹಾಲಿನ ಬಾಕಿ, ಉಪ್ಪಿನಕಾಯಿ ಹಾಕಿದ ತಾರೀಕು. ಕೊನೆಯ ಸಾಲು ಆರು ವರ್ಷದ ಹಿಂದಿನದು, ಅಕ್ಷರ ಸೊಟ್ಟಗಾಗಿ ಒಂದರ ಮೇಲೊಂದು ಏರಿದೆ. ಆಮೇಲೆ ಇಲ್ಲ.

“ಈ ಬಾಗಿಲು ಹೀಗೇ ಇರಲಿ” ಎಂದೆ.

“ಯಾಕೆ? ನನಗೆ ಬೇಕಾಗಿರೋದು ಒಳಗೇ. ಹೊರಗೆ ಏನು ಬೇಕಾದ್ರೂ ಬಳೀರಿ, ಒಳಗೆ ಬೆಳ್ಳಗಿರಬೇಕು. ನಾನು ಡಬ್ಬ ಹುಡುಕೋದು ಒಳಗೆ ತಾನೆ? ಅದೊಂದು ಕಪ್ಪಗಿದ್ರೆ ಮತ್ತೆ ಅಲ್ಲೇ ತಲೆ ಹೊಡ್ಕೋತೀನಿ.”

“ಹಳೇ ಲೆಡ್ಜರ್ ಹಾಗೆಲ್ಲ ನಾಶ ಮಾಡೋ ಹಾಗಿಲ್ಲ ಕಣೇ.”

“ಹಾಗಾದ್ರೆ ಹೊಸ ಲೆಡ್ಜರಿಗೆ ಎತ್ತಿಕೊಳ್ಳಿ” ಎಂದಳು. ಬ್ಯಾಂಕಿನವನ ಹೆಂಡತಿ.

ಪುಟ್ಟಿ ಓದಿದಳು, ನಾನು ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮೂರು ಸಂಜೆ ಹಿಡಿಯಿತು. “17-4-90 ಹಾಕಿದ್ದು, 38 ದಿನ ಬಂತು.” “ಮಾವಿನಮಿಡಿ 200, ಉಪ್ಪು ಹೆಚ್ಚಾಯಿತು.” ಅದರ ನಡುವೆ ಒಂದು: “26 ದಿನಕ್ಕೇ ಮುಗಿಯಿತು. ಅಪ್ಪಯ್ಯ ಬಂದಿದ್ದರು. ದಿನಕ್ಕೆ ನಾಲ್ಕು ಸಲ ಕಷಾಯ.” ನಮ್ಮಾಕೆ ನಕ್ಕಳು. ನಗುತ್ತಲೇ ಇನ್ನೊಮ್ಮೆ ಓದು ಎಂದಳು. ಪುಟ್ಟಿ ಇನ್ನೊಮ್ಮೆ ಓದಿದಳು. ಮೂರನೇ ಸಲ ಹೇಳಿದಾಗ ನಾನು ಪೆನ್ನು ಕೆಳಗಿಟ್ಟು ಕಾಫಿ ಮಾಡಲು ಎದ್ದುಹೋದೆ.

ಒಂದು ಸಾಲು ಮಾತ್ರ ತೀರುವಳಿಯಾಗಿರಲಿಲ್ಲ. “9-3-94. ಎದುರು ಮನೆಯಿಂದ ಸಕ್ಕರೆ 1 ಪಾವು.” ಬೇರೆ ಎಲ್ಲ ಸಾಲಕ್ಕೂ ಅಡ್ಡಗೆರೆ ಎಳೆದಿದ್ದಾಳೆ, ಇದಕ್ಕಿಲ್ಲ. ಮೂವತ್ತು ವರ್ಷದ ಬಾಕಿ! ಕೊಟ್ಟ ಹಿರಿಯರು ಈಗಿಲ್ಲ, ಸೊಸೆ ಇದ್ದಾರೆ. ಮಾರನೆಯ ದಿನ ಪಾವಿನಲ್ಲಿ ಅಳೆದು ಸಕ್ಕರೆ ತೆಗೆದುಕೊಂಡು ಹೋದೆ. ಬಡ್ಡಿ ಕೇಳಲಿಲ್ಲ ಪುಣ್ಯಕ್ಕೆ. ಆ ಪಾತ್ರೆ ಸಂಜೆಗೆ ನಾಲ್ಕು ಕೊಬ್ಬರಿಮಿಠಾಯಿ ತುಂಬಿಕೊಂಡು ವಾಪಸು ಬಂತು.

ಎಲ್ಲ ಬರೆದುಕೊಂಡಾದ ಮೇಲೆ ಆ ಬಾಗಿಲನ್ನು ಅವಳೇ ಉಜ್ಜಿದಳು. ನನಗೆ ಕೊಡಲಿಲ್ಲ.

ಆಮೇಲೆ ಸಣ್ಣ ತೂತು, ಹಳೆಯ ಮೊಳೆಯ ಗುಳಿ ಮುಚ್ಚಬೇಕು. “ಈಗ ಪುಟ್ಟಿ ಹಾಕಿ ಒಣಗಿಸಬೇಕು” ಎಂದರು ಪೇಂಟರು. “ನನ್ನನ್ನಾ?” ಎಂದಳು ನಮ್ಮ ಪುಟ್ಟಿ. ಮರದ ಪುಟ್ಟಿ ಹಾಕಿ, ಒಣಗಿದ ಮೇಲೆ ಮತ್ತೆ 220ರಲ್ಲಿ ಸವರಿ, ಒದ್ದೆ ಬಟ್ಟೆಯಲ್ಲಿ ದೂಳು ಒರೆಸಿ ಪ್ರೈಮರ್ ಹೊಡೆದೆ. ವಾಸನೆ ಕಡಿಮೆ ಎಂದು ನೀರಿನ ಪ್ರೈಮರ್ ತಂದಿದ್ದೆ. ರಾತ್ರಿ ಮಲ್ಲಿಗೆಯಂತೆ ಬೆಳ್ಳಗಿದ್ದ ಬಾಗಿಲು ಬೆಳಿಗ್ಗೆ ನೋಡಿದರೆ ಕಾಮಾಲೆ ಬಂದ ಹಾಗೆ ಹಳದಿ ಮಚ್ಚೆ. ಇನ್ನೊಂದು ಕೋಟ್ ಹೊಡೆದೆ, ಮತ್ತೆ ಹಳದಿ. ಹಲಸಿನ ತಿರುಳಿನಲ್ಲಿ ಬಣ್ಣವಿದೆ. ಬೌದ್ಧ ಭಿಕ್ಷುಗಳ ಬಟ್ಟೆಗೆ ಕಾವಿ ಹಾಕಲು ಹಲಸಿನ ಚಕ್ಕೆ ಕುದಿಸುವ ರೂಢಿಯೇ ಉಂಟು. ನೀರು ತಾಗಿದರೆ ಆ ಬಣ್ಣ ಎದ್ದು ಬರುತ್ತದೆ.

ಇದಕ್ಕೆ ಪೇಂಟರು ಹೇಳಿದ ಮದ್ದು ಕೇಳಿ ನಗು ಬಂತು. ಚಪಡಾ ಚಕ್ಕೆಯನ್ನು ರಾತ್ರಿ ಸ್ಪಿರಿಟ್‌ನಲ್ಲಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ ತೆಳ್ಳಗೆ ಒಂದು ಕೋಟ್. ಅಷ್ಟು ಕಷ್ಟಪಟ್ಟು ತೆಗೆದ ಅರಗನ್ನು ಮತ್ತೆ ಬಳಿಯುವುದು! ಆದರೆ ಅದೇ ಮದ್ದು. ಅರಗು ಅರ್ಧ ಗಂಟೆಯಲ್ಲಿ ಒಣಗಿ ಮರದ ಬಾಯಿ ಮುಚ್ಚುತ್ತದೆ. ಹಣದ ಚೀಲಕ್ಕೆ ಮುದ್ರೆ ಒತ್ತಿದ ಹಾಗೆ. ಅದರ ಮೇಲೆ ಎಣ್ಣೆ ಪ್ರೈಮರ್ ಹೊಡೆದೆವು. ಹಳದಿ ಮೇಲೆ ಬರಲಿಲ್ಲ.

ಬಣ್ಣ ಆರಿಸಿದ್ದು ಅವಳು. ಅಂಗಡಿಯವರು ಕೊಟ್ಟ ಕಾರ್ಡಿನ ಚಿಕ್ಕ ಚೌಕಗಳು ಅವಳಿಗೆ ಒಂದೂ ತಿಳಿಯಲಿಲ್ಲ. ಹಾಗಾಗಿ ರಟ್ಟಿನ ಹಾಳೆಗಳಿಗೆ ಒಂದೊಂದು ಬಣ್ಣ ಬಳಿದು, ಸಂಜೆ ಆರೂವರೆಗೆ, ಏಟು ಬಿದ್ದ ಅದೇ ಹೊತ್ತಿನಲ್ಲಿ, ಲೈಟ್ ಹಾಕದೆ ಕಪಾಟಿನ ಜಾಗದಲ್ಲಿ ಪುಟ್ಟಿ ಹಿಡಿದು ನಿಂತಳು. ನಾನು ಆಸೆಪಟ್ಟ ತಿಳಿಹಸಿರು ಕತ್ತಲಲ್ಲಿ ಬೂದಿಯಾಯಿತು. ಉಳಿದದ್ದು ದಂತದ ಬಣ್ಣವೇ. ಅಂಚಿಗೆ ಮಾತ್ರ ಅವಳು ದಟ್ಟ ಕಾವಿ ಕೇಳಿದಳು, ಸೀರೆಗೆ ಅಂಚು ಕೇಳುವ ಹಾಗೆ. ಬಾಗಿಲು ಮುಚ್ಚಿದ್ದರೆ ಆ ಅಂಚು ಕಾಣುವುದೇ ಇಲ್ಲ. ತೆರೆದಿದ್ದರೆ ಬಿಳುಪಿನ ನಡುವೆ ಕೆಂಪು ಪಟ್ಟಿ ಎದ್ದು ನಿಲ್ಲುತ್ತದೆ. ಯಾವ ಇಂಜಿನಿಯರೂ ಹೇಳಿದ್ದಲ್ಲ. ಹಿಡಿಗಳಿಗೂ ಅದೇ ಕಾವಿ.

ಬಳಿಯುವ ಕೆಲಸ ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದು ನಿಜಕ್ಕೂ ಬೇಗ ಮುಗಿಯಿತು. ಡಬ್ಬ ಅಲ್ಲಾಡಿಸಬಾರದು, ಕಡ್ಡಿಯಲ್ಲಿ ಕಲಕಬೇಕು, ಇಲ್ಲದಿದ್ದರೆ ಗುಳ್ಳೆ. ಹಳೆಯ ಪಂಚೆಯಲ್ಲಿ ಸೋಸಬೇಕು. ಬ್ರಷ್ಷಿನ ಮೂರನೇ ಒಂದು ಭಾಗ ಮಾತ್ರ ಅದ್ದಬೇಕು. ತೆಳ್ಳಗೆ ಎರಡು ಕೋಟ್, ನಡುವೆ ಒಂದು ದಿನ ಬಿಡುವು, 220ರ ಒಂದು ಹಗುರ ಸವರು. ದಪ್ಪಗೆ ಒಂದೇ ಸಲ ಬಳಿದರೆ ಕಣ್ಣೀರಿಳಿದಂತೆ ಸೋರುತ್ತದೆ. ಏಳನೇ ಟೋಕನ್‌ನಲ್ಲಿ ನನ್ನ ಅವಸರದ ಸಾಕ್ಷಿ ಈಗಲೂ ಇದೆ. ಎಣ್ಣೆ, ಬಣ್ಣ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆಯಂಥದು ಗಾಳಿ ಹೀರಿ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಕೂಡಿಕೊಂಡು ತಾನಾಗಿ ಬೆಂಕಿ ಹತ್ತುವುದುಂಟು. ಹರಡಿ ಹೊರಗೆ ಒಣಗಿಸಿ, ಆಮೇಲೆ ಬಿಸಾಡಿ.

ಮುಟ್ಟಿದರೆ ಅಂಟದಷ್ಟು ಒಣಗಲು ಒಂದು ದಿನ ಸಾಕು. ಗಟ್ಟಿಯಾಗಲು ವಾರಗಳೇ ಬೇಕು. ಇದು ಗೊತ್ತಿದ್ದೂ ಮೂರನೇ ದಿನವೇ ಬಾಗಿಲು ಕೂರಿಸಿ ಮುಚ್ಚಿದೆ. ಎರಡು ಬಾಗಿಲು ಚೌಕಟ್ಟಿಗೆ ಅಂಟಿ, ಎಳೆದಾಗ ಬಣ್ಣದ ಚೂರು ಕಿತ್ತು ಬಂತು. ಪೇಂಟರು ಬೈಯಲಿಲ್ಲ, ನೋಡಿದರು ಅಷ್ಟೆ. ಸರಿಮಾಡಿ, ಬಾಗಿಲ ಸಂದಿಗೆ ಮೇಣದ ಕಾಗದ ಸಿಕ್ಕಿಸಿ ಇನ್ನೂ ಎರಡು ವಾರ ಕಾದೆವು.

ಒಟ್ಟು ಖರ್ಚು 4,270 ರೂಪಾಯಿ, ಉದುರಿಹೋದ ಮೊದಲ ಡಬ್ಬಿಯೂ ಸೇರಿ. ಪೇಂಟರು ದುಡ್ಡು ಮುಟ್ಟಲಿಲ್ಲ, ಒಂದು ಶಾಲು ಹೊದಿಸಿದೆವು. ಭಾವಮೈದುನ ಯುಗಾದಿಗೆ ಬಂದವನು ಅಡುಗೆಮನೆ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತ. ಅಕ್ಕ ಮೇಲಿನ ಕಪಾಟು ತೆರೆದು, ತಡಕಾಡದೆ, ಎರಡನೇ ಸಾಲಿನ ಬೆಲ್ಲದ ಡಬ್ಬ ತೆಗೆಯುವುದನ್ನು ನೋಡಿದ. ಹಲಸಿನ ನೀರಿನ ಮಾತು ಎತ್ತಲಿಲ್ಲ. “ಭಾವ, ನಮ್ಮ ಮನೆ ಅಡುಗೆಮನೆಯೂ ಕತ್ತಲೆಯೇ” ಎಂದ.

ಮೊನ್ನೆ ಮೂರನೇ ಟೋಕನ್ ಬಾಗಿಲು ಕಿರ್ ಎನ್ನುತ್ತಿತ್ತು. ಕೀಲಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಡೋಣವೆಂದು ಬಟ್ಟಲು ತಂದೆ. ನಮ್ಮಾಕೆ ಒಲೆ ಮುಂದಿನಿಂದಲೇ, ತಿರುಗಿಯೂ ನೋಡದೆ ಹೇಳಿದಳು: “ರೀ, ಅದಕ್ಕೆ ಎಣ್ಣೆ ಬಿಡಬೇಡಿ. ತೆರೆದದ್ದು ಕಿವಿಗೆ ಗೊತ್ತಾಗುತ್ತೆ.”